ಹೆರಿಗೆ ನೋವು 57 'ಡೆಲ್' ಅಂತೆ! ನೋವನ್ನು ಹಾಗೆ ಅಳೆಯಬಹುದೇ?

ಮನುಷ್ಯ ತಾಳಬಲ್ಲದ್ದು 45 ಡೆಲ್ ನೋವು, ಹೆರಿಗೆಯಲ್ಲಿ ತಾಯಿ ಅನುಭವಿಸುವುದು 57 ಡೆಲ್, ಅದು 20 ಮೂಳೆ ಒಟ್ಟಿಗೆ ಮುರಿದಷ್ಟು. ಈ ಸಂದೇಶ ನಿಮಗೂ ಬಂದಿರಬಹುದು. ಅದರ ಹಿಂದಿನ ಭಾವನೆ ಒಳ್ಳೆಯದೇ, ಆದರೆ ಲೆಕ್ಕ ಸುಳ್ಳು.

'ಡೆಲ್' ಎಲ್ಲಿಂದ ಬಂತು?

ವೈದ್ಯರು ಬಳಸುವ ಅಳತೆಗಳಲ್ಲಿ 'ಡೆಲ್' ಇಲ್ಲ. 1940ರ ದಶಕದಲ್ಲಿ ಅಮೆರಿಕದ ಹಾರ್ಡಿ, ವುಲ್ಫ್ ಮತ್ತು ಗುಡೆಲ್ ಎಂಬ ಸಂಶೋಧಕರು ಹಣೆಗೆ ಶಾಖ ಕೊಟ್ಟು ನೋವು ಅಳೆಯಲು 'ಡಾಲ್' ಎಂಬ ಮಾನ ರೂಪಿಸಿದ್ದರು. ಅದರ ಗರಿಷ್ಠವೇ 10.5. ಅದೂ ಬಳಕೆಯಲ್ಲಿ ಉಳಿಯಲಿಲ್ಲ.

ಹಾಗಾದರೆ ವೈದ್ಯರು ಅಳೆಯುವುದು ಹೇಗೆ?

ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಅಂಥದ್ದಿಲ್ಲ. ಒಂದೇ ಥರದ ಗಾಯ ಇಬ್ಬರಲ್ಲಿ ಬೇರೆ ಬೇರೆ ನೋವು ಕೊಡಬಹುದು. ಭಯ, ನಿದ್ದೆಗೇಡು, ಹಿಂದಿನ ಅನುಭವ ಎಲ್ಲವೂ ಸೇರುತ್ತವೆ. ಆದ್ದರಿಂದ ರೋಗಿಯ ಮಾತೇ ಮುಖ್ಯ ಅಳತೆ. 'ನೋವಿಲ್ಲದಿದ್ದರೆ 0, ಊಹಿಸಬಹುದಾದ ಅತಿ ಕೆಟ್ಟ ನೋವು 10, ನಿಮ್ಮದು ಎಷ್ಟು?' ಎಂದು ಕೇಳುತ್ತಾರೆ. ಮಕ್ಕಳಿಗೆ ನಗುವ, ಅಳುವ ಮುಖಗಳ ಚಿತ್ರ ತೋರಿಸುತ್ತಾರೆ. ಹಸುಗೂಸು, ಮರೆವಿನ ಕಾಯಿಲೆಯ ಹಿರಿಯರಲ್ಲಿ ಮುಖಭಾವ, ನರಳಾಟ, ಕೈಕಾಲು ಬಿಗಿಯುವುದನ್ನು ಗಮನಿಸುತ್ತಾರೆ. ಹೇಳಲಾಗದವರಿಗೆ ನೋವಿಲ್ಲ ಎಂದರ್ಥವಲ್ಲ.

ಸಂಖ್ಯೆಗಿಂತ ವಿವರ ಹೆಚ್ಚು ತಿಳಿಸುತ್ತದೆ. ಉರಿ, ಜುಮ್ಮೆನ್ನುವ ನೋವು ನರದ್ದಿರಬಹುದು. ಎದೆ ಹಿಂಡಿದಂತಾಗಿ ಎಡತೋಳಿಗೆ, ದವಡೆಗೆ ಹರಡಿದರೆ ಹೃದಯಾಘಾತ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಮಲೆನಾಡಿನವರು ಗಮನಿಸಿ

ಈಸೂರು ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತು. ಉಣುಗು ಕಚ್ಚಿ ಹರಡುವ ಇದರಲ್ಲಿ ದಿಢೀರ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬರುತ್ತದೆ. ಕೆಲವರಲ್ಲಿ ರಕ್ತಸ್ರಾವವೂ ಆಗುತ್ತದೆ. 'ಬರೀ ಮೈಕೈ ನೋವು' ಎಂದು ಅಂಗಡಿಯಲ್ಲಿ ನೋವಿನ ಮಾತ್ರೆ ಕೊಳ್ಳಬೇಡಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಡೆಂಗಿಯಲ್ಲೂ ಹಾಗೆಯೇ. ಸೊಪ್ಪು, ತರಗೆಲೆ, ಸೌದೆಗೆಂದು ಕಾಡಿಗೆ ಹೋಗಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಸುಳ್ಳು ಲೆಕ್ಕದಿಂದ ನಷ್ಟವೇನು?

ಹೆರಿಗೆ ನೋವನ್ನು ಹೊಗಳಿ 'ತಡೆದುಕೋ' ಎನ್ನುವುದು ಸುಲಭ. ಆದರೆ ಅದನ್ನು ಕಡಿಮೆ ಮಾಡಲು ಎಪಿಡ್ಯೂರಲ್‌ನಂಥ ವಿಧಾನಗಳಿವೆ. ಬಿಟ್ಟು ಬಿಟ್ಟು ಬರಬೇಕಾದ ನೋವು ಬಿಡುವೇ ಇಲ್ಲದೆ ಕಾಡಿದರೆ ಅದು ಅಪಾಯದ ಸೂಚನೆಯೂ ಇರಬಹುದು. ಆಕೆ ಹೇಳಿದ್ದನ್ನು ಕೇಳಿಸಿಕೊಂಡರೆ ಮಾತ್ರ ಇದು ಗೊತ್ತಾಗುತ್ತದೆ.

ವೈದ್ಯರಿಗೆ ಏನು ಹೇಳಬೇಕು?

ಎಲ್ಲಿ ನೋವು, ಯಾವಾಗ ಶುರುವಾಯಿತು, ಹೇಗಿದೆ, ಎಲ್ಲಿಗೆ ಹರಡುತ್ತದೆ, ಯಾವುದರಿಂದ ಹೆಚ್ಚು ಅಥವಾ ಕಡಿಮೆ ಆಗುತ್ತದೆ, ನಿದ್ದೆ ಮತ್ತು ಕೆಲಸಕ್ಕೆ ಎಷ್ಟು ತೊಂದರೆ, ಯಾವ ಮಾತ್ರೆ ನುಂಗಿದ್ದೀರಿ. ಫಾರ್ವರ್ಡ್ ಮಾಡುವುದಾದರೆ ಈ ಪಟ್ಟಿಯನ್ನು ಮಾಡಿ.