ಕಡಲ ಮೇಲಿನ ಆ ದೀಪ ಆರಿಸಿ

ಹೋದ ಭಾನುವಾರ ದೆಹಲಿಯ ಚಿತ್ತರಂಜನ್ ಪಾರ್ಕಿನ ಮೀನು ಮಾರುಕಟ್ಟೆಯಲ್ಲಿ ನಾವು ನಾಲ್ವರು ಕರಾವಳಿಯವರು ಅಕಸ್ಮಾತ್ ಸಿಕ್ಕೆವು. ಒಬ್ಬರು ಗುರುಗ್ರಾಮದವರು, ಇಬ್ಬರು ನೊಯ್ಡಾದವರು, ನಾನು ಮಯೂರ ವಿಹಾರದವನು. ಬಂಗಾಳಿಗಳ ರೋಹು, ಇಲಿಶ್‌ಗಳ ನಡುವೆ ಐಸಿನ ಮೇಲೆ ಒಂದು ಮೂಲೆಯಲ್ಲಿ ಬಂಗುಡೆ ಬಿದ್ದಿತ್ತು. ಒಂದೊಂದೂ ನನ್ನ ನಡುಬೆರಳಿಗಿಂತ ತುಸು ಉದ್ದ, ಅಷ್ಟೇ. ‘ಪಾಪ, ಮರಿ’ ಎಂದರು ಒಬ್ಬರು. ‘ಊರಲ್ಲೂ ಈಗ ಹೀಗೇ ಅಂತೆ, ಲೈಟ್ ಫಿಶಿಂಗ್ ಅಲ್ವಾ’ ಎಂದರು ಇನ್ನೊಬ್ಬರು. ಮೂರನೆಯವರು ಅರ್ಧ ಕಿಲೊ ತೂಗಿಸಿಕೊಂಡರು. ಗರಿಗರಿಯಾಗಿ ಹುರಿದರೆ ಮುಳ್ಳೂ ಅಗಿಯಬಹುದಂತೆ. ನಾನು ಏನೂ ಹೇಳಲಿಲ್ಲ. ಹಾಗೆ ಸುಮ್ಮನೆ ನಿಂತ ನಾಚಿಕೆಗೆ ಈ ಬರಹ.

ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಉಂಟು. ನಮ್ಮ ನಾಲ್ವರಿಗೂ ಗೊತ್ತಿತ್ತು.

ನಮ್ಮ ಕರಾವಳಿಯ ಗಂಗೊಳ್ಳಿಯ ಕಡೆ ನನ್ನ ದೊಡ್ಡಪ್ಪನ ಮಗ ನಾಡದೋಣಿಯವನು. ಅವನ ವರ್ಷ ಹೇಗೆ ಸಾಗುತ್ತದೆಂದು ದೆಹಲಿಗೆ ಬಂದು ಬಹಳ ಕಾಲವಾದವರಿಗೆ ಸ್ವಲ್ಪ ನೆನಪಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಸಣ್ಣ ಇಂಜಿನ್ನಿನ ನಾಡದೋಣಿಗೆ ಮಾತ್ರ ಅನುಮತಿ. ಆದರೆ ಆಗ ಕಡಲೇ ಅನುಮತಿ ಕೊಡುವುದಿಲ್ಲ. ಒಂದು ತೂಫಾನ್ ಆಗಬೇಕು, ಹೊಳೆಯ ಕೆಂಪು ನೀರು ಕಡಲಿಗೆ ನುಗ್ಗಬೇಕು, ಆಗ ಮೀನು ದಡಕ್ಕೆ ಬರುತ್ತದೆ. ಅಲ್ಲಿಯವರೆಗೆ ದಿನವೂ ಅಳಿವೆಯ ಬಾಯಿಗೆ ಹೋಗಿ ಅಲೆ ನೋಡಿ ವಾಪಸು. ಆಗಸ್ಟ್‌ನಲ್ಲಿ ದೊಡ್ಡ ಬೋಟುಗಳು ಇಳಿದ ಮೇಲೂ ಡಿಸೆಂಬರ್‌ವರೆಗೆ ದಡದ ಹತ್ತಿರ ಅವನಿಗೆ ಒಂದಿಷ್ಟು ಬಂಗುಡೆ, ಒಂದಿಷ್ಟು ಬೂತಾಯಿ (ನಮ್ಮ ಕಡೆ ಅದು ಬೈಗೆ) ಸಿಗಬೇಕು. ಆ ನಾಲ್ಕೈದು ತಿಂಗಳ ದುಡಿಮೆಯಲ್ಲೇ ಇಡೀ ವರ್ಷದ ಅಕ್ಕಿ, ಮಗಳ ಕಾಲೇಜು ಫೀಸು, ಸೊಸೈಟಿಯ ಸಾಲದ ಕಂತು. ಒಂದು ಮಾಟುಬಲೆಯ ಹಿಂದೆ ಇಪ್ಪತ್ತು ಮೂವತ್ತು ಜನ. ಬಂದ ಹಣದಲ್ಲಿ ದೋಣಿಗೆ, ಬಲೆಗೆ, ಇಂಜಿನ್ನಿಗೆ ಪಾಲು ತೆಗೆದು ಉಳಿದದ್ದು ಇವರಿಗೆ ಹಂಚಿಕೆ. ಮೀನಿಲ್ಲದ ದಿನ ಹಂಚಿಕೊಳ್ಳುವುದಕ್ಕೆ ಸೀಮೆಎಣ್ಣೆಯ ಸಾಲ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಫೋನು ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು: ‘ಎಂತ ಮೀನ್ ಮರಾಯಾ, ಲೈಟಿನವ್ರ್ ಎಲ್ಲಾ ಬಾಚ್ಕಂಡ್ ಹೋಯಿರ್.’ ದೋಣಿ ಮರಳ ಮೇಲಿತ್ತು. ಮೇಲೆ ತೆಂಗಿನ ಗರಿ ಹೊದಿಸಿದ್ದರು, ನವೆಂಬರಿನಲ್ಲಿ.

ಆ ಬೆಳಕನ್ನು ನಾನೂ ನೋಡಿದ್ದೇನೆ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ, ಅಮಾವಾಸ್ಯೆಯ ಹಿಂದುಮುಂದಿನ ರಾತ್ರಿಯಲ್ಲಿ, ಪಡುವಣ ದಿಕ್ಕಿನಲ್ಲಿ ಒಂದು ಪೇಟೆಯೇ ಎದ್ದು ನಿಂತ ಹಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಬೋಟಿನ ಮೇಲೆ ಜನರೇಟರ್, ಸಾಲುಸಾಲು ಎಲ್‌ಇಡಿ, ಕೆಲವರು ನೀರಿನೊಳಗೂ ಬಲ್ಬು ಇಳಿಸುತ್ತಾರೆ. ಕತ್ತಲಲ್ಲಿ ಬೆಳಕು ಕಂಡರೆ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಮರಿಮೀನು, ಮರಿಯ ಹಿಂದೆ ದೊಡ್ಡದು, ಬೊಂಡಾಸ್, ಎಲ್ಲವೂ. ಹರದಾರಿ ದೂರ ಹರಡಿಕೊಂಡಿರಬೇಕಾದ ಮೀನು ಒಂದೇ ಬೆಳಕಿನ ಕೊಳಕ್ಕೆ ಬಂದು ನಿಲ್ಲುತ್ತದೆ. ಸುತ್ತಲೂ ಬಲೆ ಬಿಟ್ಟು ಅಡಿಯಿಂದ ಬಿಗಿದರೆ ಮುಗಿಯಿತು. ಮೊಟ್ಟೆ ತುಂಬಿದ್ದೂ ಬಂತು, ಬೆರಳುದ್ದದ್ದೂ ಬಂತು. ತಿನ್ನಲಾಗದ ಮರಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗಿ ಕೋಳಿಗೋ ಸಿಗಡಿಗೋ ಮೇವಾಗುತ್ತದೆ. ಕೇರಳದವರು ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಸೆಂಟಿಮೀಟರ್ ಎಂದು ಕನಿಷ್ಠ ಅಳತೆ ಗೊತ್ತುಮಾಡಿದ್ದಾರೆ. ಆ ಭಾನುವಾರ ನಮ್ಮ ಮುಂದಿದ್ದ ಬಂಗುಡೆಗೆ ಸ್ಕೇಲು ಹಿಡಿದಿದ್ದರೆ ಹತ್ತು ದಾಟುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾನೂನಿಲ್ಲ ಅಂದುಕೊಂಡಿರಾ? ಕಾನೂನು ಇರುವುದು ನಮ್ಮ ಮೂಗಿನಡಿಯಲ್ಲೇ. 2017ರ ನವೆಂಬರ್ 10ರಂದು ಕೇಂದ್ರದ ಮೀನುಗಾರಿಕಾ ಇಲಾಖೆ ಆದೇಶ ಹೊರಡಿಸಿ, ದೇಶದ ಇಡೀ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ 200 ನಾಟಿಕಲ್ ಮೈಲಿಯವರೆಗೆ, ಕೃತಕ ಬೆಳಕು ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ಅದರಲ್ಲೇ ಸೇರಿತ್ತು. ಆಗ ಆ ಇಲಾಖೆ ಇದ್ದ ಕೃಷಿ ಭವನ ಕೇಂದ್ರೀಯ ಸಚಿವಾಲಯ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ನಿಮ್ಮಲ್ಲಿ ಕೆಲವರು ದಿನಾ ಅದರ ಮುಂದೆಯೇ ಕಚೇರಿಗೆ ಹೋಗುತ್ತೀರಿ. ಎಂಟು ವರ್ಷದ ಮೇಲೆ, 2025ರ ನವೆಂಬರಿನಲ್ಲಿ, ಹೊಸ ನಿಯಮಾವಳಿ ಬಂತು. ಅದರಲ್ಲಿ ಮತ್ತೆ ಅದೇ ನಿಷೇಧ. ಒಂದೇ ಕಳ್ಳತನವನ್ನು ಎರಡು ಸಲ ಬೇಡವೆನ್ನಬೇಕಾಯಿತೆಂದರೆ ಮೊದಲ ಸಲ ಯಾರೂ ಕೇಳಿರಲಿಲ್ಲವೆಂದೇ ಅರ್ಥ.

ಯಾಕೆ ಕೇಳಲಿಲ್ಲ? ದಡದಿಂದ 12 ನಾಟಿಕಲ್ ಮೈಲಿ ರಾಜ್ಯದ್ದು, ಅದರಾಚೆ ಕೇಂದ್ರದ್ದು. ರಾಜ್ಯದವರನ್ನು ಕೇಳಿದರೆ ಬೋಟು ಆಚೆ ಇತ್ತು ಎನ್ನುತ್ತಾರೆ. ಕೇಂದ್ರದವರನ್ನು ಕೇಳಿದರೆ ಬೋಟಿಗೆ ಲೈಸೆನ್ಸ್ ಕೊಡುವುದು ರಾಜ್ಯ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸ್ವಾಮೀ, ಆ ಬೋಟು ಕಡಲಲ್ಲಿ ಹುಟ್ಟಿದ್ದಲ್ಲ! ಸಂಜೆ ನಮ್ಮ ಬಂದರಿನ ಧಕ್ಕೆಯಿಂದಲೇ ಹೊರಡುತ್ತದೆ, ಬೆಳಗ್ಗೆ ಅಲ್ಲಿಗೇ ಬರುತ್ತದೆ. ಆನೆಮರಿಯಂಥ ಜನರೇಟರ್ ಮೇಲೆ ಕೂತಿರುತ್ತದೆ. ಅದನ್ನು ಕಾಣಲು ಉಪಗ್ರಹವೂ ಬೇಡ, ಕೋಸ್ಟ್ ಗಾರ್ಡೂ ಬೇಡ, ಎರಡು ಕಣ್ಣು ಸಾಕು. ಬಂದರಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಆ ಎರಡು ಕಣ್ಣಿಲ್ಲವೇ? ನನಗೆ ಕ್ಷಮಿಸಲು ಆಗದ್ದು ಇದೊಂದೇ.

ಮೀನು ಕಡಿಮೆಯಾಗಲು ಬೇರೆ ಕಾರಣಗಳೂ ಇವೆ ಎಂದು ಓದಿದವರು ಹೇಳುತ್ತಾರೆ. ಒಪ್ಪಿದೆ. ಕಡಲು ಬಿಸಿಯಾಗಿದೆ, ಬೂತಾಯಿ ಮೊದಲಿನಿಂದಲೂ ಒಂದು ಕಾಲಕ್ಕೆ ಉಕ್ಕಿ ಇನ್ನೊಂದು ಕಾಲಕ್ಕೆ ಮಾಯವಾಗುವ ಮೀನು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬಂದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅಷ್ಟನ್ನೂ ದೀಪದ ಮೇಲೆ ಹೊರಿಸಿದರೆ ಸುಳ್ಳಾಗುತ್ತದೆ. ಆದರೆ ಬರಗಾಲದ ವರ್ಷ ಬಿತ್ತನೆಯ ಬೀಜವನ್ನೇ ಕುಟ್ಟಿ ತಿನ್ನುವವನಿಗೆ ಮಳೆಯ ಮೇಲೆ ದೂರು ಹೇಳುವ ಬಾಯಿ ಎಲ್ಲಿಯದು?

ಇನ್ನೊಂದು ಮಾತು ಹೇಳಲು ಕಷ್ಟ. ದೀಪ ಹಾಕುವವರೂ ಹೊರಗಿನವರಲ್ಲ. ಅದೇ ಮೊಗವೀರರು, ಅದೇ ಖಾರ್ವಿಗಳು, ಒಂದೇ ಮನೆಯ ಅಣ್ಣ ಲೈಟಿನ ಬೋಟಿನಲ್ಲಿ, ತಮ್ಮ ನಾಡದೋಣಿಯಲ್ಲಿ. ನೂಲು ಹುಣ್ಣಿಮೆಯ ದಿನ ಮಲ್ಪೆಯ ವಡಭಾಂಡೇಶ್ವರದ ಕಡಲ ತೀರದಲ್ಲಿ ಎಲ್ಲರೂ ಒಟ್ಟಾಗಿ ಸಮುದ್ರಕ್ಕೆ ಹಾಲು ಎರೆಯುತ್ತಾರೆ, ಹೂವು ತೆಂಗಿನಕಾಯಿ ಬಿಡುತ್ತಾರೆ. ಎಪ್ಪತ್ತರ ದಶಕದಲ್ಲಿ ಪರ್ಸಿನ್ ಬೋಟು ಬಂದು ರಂಪಣಿ ಬಲೆಯನ್ನು ಮುಳುಗಿಸಿದಾಗಲೂ ಜಗಳ ಹೀಗೆ ಮನೆಯೊಳಗೇ ಇತ್ತು. ಊರಿಡೀ ಸೇರಿ ಎಳೆಯುತ್ತಿದ್ದ ರಂಪಣಿಯನ್ನು ಈಗ ಕಂಡವರು ಕಡಿಮೆ. ಲೈಟಿನ ಬೋಟಿನವರಿಗೂ ಸಾಲವಿದೆ, ಬಲ್ಬಿಗೂ ಜನರೇಟರಿಗೂ ಲಕ್ಷಗಟ್ಟಲೆ ಸುರಿದಿದ್ದಾರೆ, ಪಕ್ಕದವನು ಹಾಕಿದಾಗ ತಾನು ಹಾಕದಿದ್ದರೆ ಬರಿಗೈ. ಆ ಸಂಕಟ ನನಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುವುದು, ಇದನ್ನು ಅವರವರೇ ಬಗೆಹರಿಸಿಕೊಳ್ಳಲಿ ಎಂದು ಬಿಡುವಂತಿಲ್ಲ. ಒಬ್ಬನೇ ಆರಿಸಿದರೆ ಅವನ ಮನೆ ಕತ್ತಲೆ. ಎಲ್ಲರದ್ದೂ ಒಂದೇ ರಾತ್ರಿ ಆರಬೇಕು, ಅದನ್ನು ಮಾಡಿಸಬೇಕಾದದ್ದು ಸರಕಾರ.

ಸರಕಾರ ಏನು ಮಾಡುತ್ತಿದೆ ಎಂದರೆ, ಪರಿಹಾರ ಕೊಡುತ್ತಿದೆ. ಕೇಂದ್ರದ ಯೋಜನೆಯ ಮೂಲ ಲೆಕ್ಕದಲ್ಲಿ ಮೀನಿಲ್ಲದ ಮೂರು ತಿಂಗಳಿಗೆ ಒಟ್ಟು 4,500 ರೂಪಾಯಿ. ಅದರಲ್ಲೂ 1,500 ಮೀನುಗಾರ ತಾನೇ ಮೊದಲು ಕಟ್ಟಿದ್ದು. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯ ಮೊತ್ತ 20,050 ಕೋಟಿ ಎಂದು ದೆಹಲಿಯ ಗೋಡೆ ಗೋಡೆಯ ಮೇಲೂ ಓದಿದವನು ನಾನು. ಆ ಲೆಕ್ಕದಲ್ಲಿ ಗಂಗೊಳ್ಳಿಯ ಮೀನುಗಾರನೊಬ್ಬನಿಗೆ ಆ ಮೂರು ತಿಂಗಳು ಸಿಗುವುದು ತಿಂಗಳಿಗೆ 1,500.

ಈಗ ನಮ್ಮ ವಿಷಯ. 1902ರಲ್ಲೇ ಮುಂಬಯಿಯ ಮೊಗವೀರರು ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು, ಶಾಲೆ ನಡೆಸಿದರು, ಊರಿನ ಕಷ್ಟಕ್ಕೆ ಕೈ ಕೊಟ್ಟರು. ಅವರಲ್ಲಿ ಹೆಚ್ಚಿನವರು ಬಡವರು. ನಾವು ದೆಹಲಿಯಲ್ಲಿ ಏನು ಮಾಡಿದ್ದೇವೆ? ವರ್ಷಕ್ಕೊಂದು ಯಕ್ಷಗಾನ, ಒಂದು ಮೀನೂಟ, ವಾಟ್ಸಾಪ್ ಗುಂಪಿನಲ್ಲಿ ಮಲ್ಪೆಯ ಸೂರ್ಯಾಸ್ತ. ನಮ್ಮಲ್ಲಿ ಕಾರ್ಯದರ್ಶಿ ಮಟ್ಟದ ಅಧಿಕಾರಿಗಳಿದ್ದಾರೆ, ಸುಪ್ರೀಂ ಕೋರ್ಟಿನ ವಕೀಲರಿದ್ದಾರೆ, ಪತ್ರಕರ್ತರಿದ್ದಾರೆ. ಕರಾವಳಿಯ ಸಂಸದರು ಅಧಿವೇಶನಕ್ಕೆ ಬಂದಾಗ ಅವರ ಜತೆ ಫೋಟೊ ತೆಗೆಸಿಕೊಳ್ಳುವವರೂ ನಾವೇ. ಆ ಫೋಟೊ ಕ್ಲಿಕ್ಕಾಗುವ ಮುಂಚೆ ಒಂದು ಪ್ರಶ್ನೆ ಕೇಳಿ ಎಂದು ಅಂಗಲಾಚುತ್ತೇನೆ: ಜನರೇಟರ್ ಹೊತ್ತ ಬೋಟು ಧಕ್ಕೆಯಿಂದ ಹೇಗೆ ಹೊರಟಿತು? ಇದನ್ನು ಅವರು ಸದನದಲ್ಲಿ ಕೇಳಲಿ, ಉತ್ತರ ಬರಹದಲ್ಲಿ ಬರಲಿ. ವಕೀಲರು 2017ರ ಆದೇಶವನ್ನೂ 2025ರ ನಿಯಮಾವಳಿಯನ್ನೂ ಒಮ್ಮೆ ಓದಿ ನೋಡಲಿ. ಮತ್ತೆ, ನಡುಬೆರಳಿನಷ್ಟು ಬಂಗುಡೆ ಕಂಡರೆ, ನಾಲಿಗೆ ಎಷ್ಟೇ ಕೇಳಲಿ, ಕೊಳ್ಳಬೇಡಿ. ನನಗೆ ಹೊಳೆದದ್ದು ಇಷ್ಟೇ. ಇದಕ್ಕಿಂತ ಒಳ್ಳೆಯ ಉಪಾಯ ನಿಮ್ಮಲ್ಲಿದ್ದರೆ ಅದನ್ನೇ ಮಾಡಿ. ಸುಮ್ಮನಿರುವುದೊಂದು ಬೇಡ.

ನಿನ್ನೆ ರಾತ್ರಿ ಗಂಗೊಳ್ಳಿಯ ಅಣ್ಣನಿಗೆ ಮತ್ತೆ ಫೋನು ಮಾಡಿದ್ದೆ. ದೋಣಿ ಇನ್ನೂ ಮರಳ ಮೇಲೇ ಇದೆ. ಮುಂದಿನ ಅಮಾವಾಸ್ಯೆಗೆ ಒಂಬತ್ತು ದಿನ ಬಾಕಿ.