ಮುದ್ರೆಯ ಹಿಂದೆ ನೋಡುವವರು ಬೇಕು

ಪಾಲುದಾರಿಕೆಯ ವ್ಯಾಪಾರ ಎಂದಮೇಲೆ ಲಾಭ ಏರುತ್ತದೆ, ಇಳಿಯುತ್ತದೆ, ಕೆಲವು ವರ್ಷ ಕೈ ಸುಡುತ್ತದೆ. ಬಡ್ಡಿಯನ್ನು ಬಿಟ್ಟು ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವುದೇ ಇಸ್ಲಾಮಿಕ್ ಹಣಕಾಸಿನ ತಳಹದಿ. ಮುದಾರಬಾ ಒಪ್ಪಂದದಲ್ಲಂತೂ ವ್ಯಾಪಾರ ಮುಳುಗಿದರೆ ನಷ್ಟ ಬಂಡವಾಳ ಹಾಕಿದವನದು, ವ್ಯರ್ಥವಾದ ದುಡಿಮೆ ದುಡಿದವನದು. ಹೀಗಿರುವಾಗ ಒಂದು ಸಂಸ್ಥೆ ಮಾರುಕಟ್ಟೆ ಬಿದ್ದರೂ ಎದ್ದರೂ ತಿಂಗಳು ತಪ್ಪದೆ ಒಂದೇ ಬಗೆಯ ‘ಲಾಭ’ ಹಂಚುತ್ತಿದೆ ಎಂದರೆ ಸಂಭ್ರಮಪಡುವುದಕ್ಕಿಂತ ಲೆಕ್ಕಪುಸ್ತಕ ತರಿಸಿ ನೋಡುವುದು ಮೇಲು. ನಿಯಮಬದ್ಧ ಇಸ್ಲಾಮಿಕ್ ಬ್ಯಾಂಕುಗಳೂ ಏರಿಳಿತ ತಗ್ಗಿಸಲು ಒಳ್ಳೆಯ ವರ್ಷದ ಲಾಭದಲ್ಲಿ ಒಂದು ಪಾಲನ್ನು ಮೀಸಲಿಡುತ್ತವೆ, ನಿಜ. ಆ ಮೀಸಲು ಲೆಕ್ಕಪತ್ರದಲ್ಲಿ ಕಾಣಬೇಕು. ಕಾಣದಿದ್ದರೆ ಹಂಚುತ್ತಿರುವುದು ಯಾರ ಹಣ ಎಂಬ ಪ್ರಶ್ನೆ ಉಳಿಯುತ್ತದೆ.

ಬೆಂಗಳೂರಿನ ಶಿವಾಜಿನಗರದಲ್ಲಿ ಈ ಪ್ರಶ್ನೆ ವರ್ಷಗಟ್ಟಲೆ ಕಣ್ಣೆದುರಿಗೇ ಇತ್ತು. 2006ರಲ್ಲಿ ಆರಂಭವಾದ ಐಎಂಎ ಎಂಬ ಹೂಡಿಕೆ ಸಂಸ್ಥೆ, ಬಡ್ಡಿಯಿಲ್ಲದ ‘ಹಲಾಲ್’ ಹೂಡಿಕೆ ಎಂಬ ಹೆಸರಿನಲ್ಲಿ ಬೆಳೆಯಿತು. ತಿಂಗಳಿಗೆ ಶೇ 2.5ರಿಂದ 3ರಷ್ಟು ಪ್ರತಿಫಲದ ಭರವಸೆ ನೀಡಲಾಗಿತ್ತು ಎನ್ನುತ್ತವೆ ತನಿಖಾ ಸಂಸ್ಥೆಗಳು. ಹಣ ಕೊಟ್ಟವರನ್ನು ಅದು ಠೇವಣಿದಾರರು ಎಂದು ಕರೆಯಲಿಲ್ಲ, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳಲ್ಲಿ (ಎಲ್‌ಎಲ್‌ಪಿ) ಪಾಲುದಾರರು ಎಂದಿತು. ಆ ಪಾಲುದಾರಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಗಳ ಮದುವೆಗೆಂದು ಕೂಡಿಟ್ಟ ಹಣ ತಂದ ಹೆಣ್ಣುಮಗಳು ಕಾಗದದ ಮೇಲೆ ವ್ಯಾಪಾರದ ಒಡತಿ. ಆದರೆ ಸಂಸ್ಥೆಯ ಅಂಗಡಿಯಲ್ಲಿ ಎಷ್ಟು ಚಿನ್ನವಿದೆ, ಔಷಧ ಮಳಿಗೆಯಲ್ಲಿ ಲಾಭವೆಷ್ಟು, ಹೊಸಬರ ಹಣ ಯಾವ ಖಾತೆಗೆ ಹೋಗುತ್ತದೆ, ಒಂದೂ ಅವಳಿಗೆ ತಿಳಿಯದು. ತಿಂಗಳ ಕೊನೆಗೆ ಖಾತೆಗೆ ಹಣ ಬಿತ್ತು ಎಂಬ ಸಂದೇಶವೇ ಅವಳ ಪಾಲಿಗೆ ಆಯವ್ಯಯ ಪತ್ರ. ಸಂಸ್ಥೆ ಸರ್ಕಾರಿ ಶಾಲೆಯನ್ನು ದತ್ತು ತೆಗೆದುಕೊಂಡಿತ್ತು, ಧರ್ಮಗುರುಗಳ ಮೆಚ್ಚುಗೆ ಪಡೆದಿತ್ತು. ರಿಸರ್ವ್ ಬ್ಯಾಂಕ್ ಮೊದಲೇ ರಾಜ್ಯ ಸರ್ಕಾರವನ್ನು ಎಚ್ಚರಿಸಿತ್ತು. ಕಂದಾಯ ಇಲಾಖೆ ವಿಚಾರಣೆ ನಡೆಸಿ ತಪ್ಪೇನೂ ಇಲ್ಲವೆಂದಿತು. ಆ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ ಅಧಿಕಾರಿಗಳು ಬಂಧಿತರಾದದ್ದು ಆಮೇಲಿನ ಮಾತು. 2019ರ ಜೂನ್‌ನಲ್ಲಿ, ರಂಜಾನ್ ಹಬ್ಬದ ರಜೆ ಮುಗಿದರೂ ಕಚೇರಿ ತೆರೆಯಲಿಲ್ಲ. ದೂರು ಕೊಟ್ಟವರು 40 ಸಾವಿರಕ್ಕೂ ಹೆಚ್ಚು. ಸಂಗ್ರಹವಾಗಿದ್ದ ಹಣ ಸುಮಾರು 4,000 ಕೋಟಿ ರೂಪಾಯಿ ಎಂಬುದು ಆರೋಪ.

ಇದನ್ನು ಒಬ್ಬನ ಮೋಸ ಎಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಬ್ರಿಟನ್ನಿನ ಚಿಂತಕ ಸ್ಟಾಫರ್ಡ್ ಬಿಯರ್ 1972ರಲ್ಲಿ ಪ್ರಕಟಿಸಿದ ‘ಬ್ರೇನ್ ಆಫ್ ದ ಫರ್ಮ್’ ಪುಸ್ತಕದಲ್ಲಿ ಸಂಸ್ಥೆಗಳ ನಾಡಿ ಹಿಡಿಯುವ ಬೇರೊಂದು ಕ್ರಮವಿದೆ. ಮನುಷ್ಯನ ನರಮಂಡಲವೇ ಅದಕ್ಕೆ ಮಾದರಿ. ಬದುಕಿ ಉಳಿಯುವ ಸಂಸ್ಥೆಯಲ್ಲಿ ಐದು ಕೆಲಸಗಳು ನಿಲ್ಲದೆ ನಡೆಯಬೇಕು ಎನ್ನುತ್ತಾನೆ ಆತ: ದಿನದ ವ್ಯವಹಾರ, ವಿಭಾಗಗಳ ನಡುವಿನ ಹೊಂದಾಣಿಕೆ, ಒಟ್ಟು ಸಂಪನ್ಮೂಲದ ಮೇಲೆ ಹಿಡಿತ, ಹೊರಗನ್ನೂ ನಾಳೆಯನ್ನೂ ಗಮನಿಸುವುದು, ತಾನು ಯಾತಕ್ಕಾಗಿ ಇದ್ದೇನೆಂದು ನಿರ್ಧರಿಸುವುದು. ಜೊತೆಗೆ ಮ್ಯಾನೇಜರನ ವರದಿಯನ್ನಷ್ಟೇ ನೆಚ್ಚದೆ ನೇರವಾಗಿ ಗೋದಾಮಿಗೇ ಹೋಗಿ ನೋಡುವ ತಪಾಸಣೆ ಬೇಕು. ಕೆಳಗಿನ ನೋವು ಎಲ್ಲ ಮೆಟ್ಟಿಲು ದಾಟಿ ಮೇಲಕ್ಕೆ ಮುಟ್ಟುವ ದಾರಿಯೂ ಬೇಕು. ಹಲಾಲ್ ಉದ್ಯಮಗಳಲ್ಲಿ ಐದನೆಯ ಕೆಲಸ ಬಹಳ ಗಟ್ಟಿ. ನಾವು ಯಾರು, ಏನನ್ನು ಮುಟ್ಟುವುದಿಲ್ಲ ಎಂಬುದನ್ನು ಅವು ಬೋರ್ಡಿನ ಮೇಲೆಯೇ ಬರೆದಿರುತ್ತವೆ. ತಪಾಸಣೆ, ಮುನ್ನೋಟ, ನೋವು ಮೇಲಕ್ಕೆ ತಲುಪುವ ದಾರಿ ಇವೇ ಹಲವೆಡೆ ಬಡಕಲು. ಧರ್ಮಶಾಸ್ತ್ರ ಬಲ್ಲವರ ಷರಿಯಾ ಮಂಡಳಿ ಒಪ್ಪಂದದ ರೂಪ ಸರಿಯೇ ಎಂದು ನೋಡುತ್ತದೆ. ಸಂಸ್ಥೆ ಎರಡು ವರ್ಷ ಬದುಕೀತೇ ಎಂದು ನೋಡುವುದು ಅದರ ಕೆಲಸವಲ್ಲ. ಸಾಮಾನ್ಯವಾಗಿ ಮಂಡಳಿಗೆ ಸಂಭಾವನೆ ಕೊಡುವುದೂ ಅದೇ ಸಂಸ್ಥೆ. ಜನ ಮಾತ್ರ ಆ ಒಂದು ಸಹಿಯನ್ನು ಎಲ್ಲದಕ್ಕೂ ಸಾಕ್ಷಿ ಎಂದುಕೊಳ್ಳುತ್ತಾರೆ.

ಮೋಸಗಾರರಿಲ್ಲದ ಕಡೆಯೂ ಈ ಕಾಯಿಲೆ ಬರುತ್ತದೆ. ಹಜ್ ಯಾತ್ರೆಗೆ ಹಣ ಕೂಡಿಡಲು ಮಲೇಷ್ಯಾ 1963ರಲ್ಲಿ ಕಟ್ಟಿದ ತಬುಂಗ್ ಹಾಜಿ, ಸರ್ಕಾರದ ಖಾತರಿಯುಳ್ಳ, ಲೋಕವೇ ಮೆಚ್ಚಿದ ಸಂಸ್ಥೆ. ಅದರ ಮೀಸಲು ಕರಗುತ್ತಿದೆ ಎಂದು ಅಲ್ಲಿನ ಕೇಂದ್ರ ಬ್ಯಾಂಕ್ 2015ರ ಡಿಸೆಂಬರ್‌ನಲ್ಲಿ ಪತ್ರ ಬರೆಯಿತು. ಮುಂದಿನ ತಿಂಗಳು ಪತ್ರ ಸೋರಿಕೆಯಾಯಿತು. ಆಡಳಿತ ಮಂಡಳಿ ಎಲ್ಲವೂ ಸರಿಯಿದೆ ಎಂದಿತು, ಲಾಭಾಂಶ ಹಂಚಿಕೆ ಮುಂದುವರಿಯಿತು. ಆಸ್ತಿಗಿಂತ ಹೊಣೆ 410 ಕೋಟಿ ರಿಂಗಿಟ್‌ನಷ್ಟು ಹೆಚ್ಚಿದೆ ಎಂದು ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು 2018ರ ಡಿಸೆಂಬರ್‌ನಲ್ಲಿ. ಆ ವರ್ಷದ ಲಾಭಾಂಶ ಶೇ 1.25ಕ್ಕೆ ಕುಸಿಯಿತು. ಸಂಸ್ಥೆ ಉಳಿದದ್ದು ಬೆನ್ನಿಗೆ ಸರ್ಕಾರವಿತ್ತೆಂದು. ಟರ್ಕಿಯ ಇಹ್ಲಾಸ್ ಫೈನಾನ್ಸ್‌ಗೆ ಆ ಬೆನ್ನು ಇರಲಿಲ್ಲ. ಅದು ಅಲ್ಲಿನ ಬಡ್ಡಿರಹಿತ ಹಣಕಾಸು ಸಂಸ್ಥೆಗಳಲ್ಲಿ ದೊಡ್ಡದು. ಹಣ ತನ್ನ ಬಳಗದ ಕಂಪನಿಗಳಿಗೇ ಹರಿದಿತ್ತು, ಠೇವಣಿ ವಿಮೆಯ ರಕ್ಷಣೆ ಇರಲಿಲ್ಲ. 2001ರ ಫೆಬ್ರುವರಿಯಲ್ಲಿ ಪರವಾನಗಿ ರದ್ದಾಯಿತು.

ಆಹಾರದ ಕಡೆಯೂ ಇದೇ ಕಥೆ. ಹಲಾಲ್ ಪ್ರಮಾಣಪತ್ರದಲ್ಲಿ ಕಟ್ಟುನಿಟ್ಟೆಂದು ಹೆಸರಾದ ಅದೇ ಮಲೇಷ್ಯಾದ ಜೊಹೊರ್ ರಾಜ್ಯದಲ್ಲಿ, 2020ರ ಡಿಸೆಂಬರ್‌ನಲ್ಲಿ, ಗೋದಾಮೊಂದರ ಮೇಲೆ ದಾಳಿ ನಡೆಯಿತು. ಹೊರದೇಶದ ಶೈತ್ಯೀಕರಿಸಿದ ಮಾಂಸಕ್ಕೆ ನಕಲಿ ಹಲಾಲ್ ಮುದ್ರೆ ಒತ್ತಿ ಮಾರುತ್ತಿದ್ದ ಆರೋಪ ಅದು. ಕಸಾಯಿಖಾನೆಗೆ ಪ್ರಮಾಣಪತ್ರ ಇರುತ್ತದೆ, ಅಂಗಡಿಗೂ ಇರುತ್ತದೆ. ನಡುವೆ ಬಂದರು, ಲಾರಿ, ಗೋದಾಮು. ಪೆಟ್ಟಿಗೆಯ ಮೇಲಿನ ಚೀಟಿ ಬದಲಾಗುವುದು ಅಲ್ಲಿ.

ಇದು ಒಂದು ಸಮುದಾಯದ ದೌರ್ಬಲ್ಯ ಎಂದು ಯಾರೂ ಬೀಗಬೇಕಾಗಿಲ್ಲ. ಬಸವನಗುಡಿಯಲ್ಲಿ ಗುರು ರಾಘವೇಂದ್ರರ ಹೆಸರಿನ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿದಾಗ ಠೇವಣಿದಾರರು ಪಡೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ದೇವರ ಹೆಸರಿದ್ದ ಕಡೆ ಲೆಕ್ಕ ಕೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಸಂಕೋಚ. ಈ ಸಂಕೋಚವೇ ಬಂಡವಾಳವಾಗುವ ವ್ಯಾಪಾರಗಳೂ ಇವೆ.

ಇಂಥ ವ್ಯಾಪಾರಗಳಿಗೆ ಮತ್ತೆ ಅದೇ ನೆಲ ಹದವಾಗಿದೆ ಎಂಬ ಆತಂಕ ನಮ್ಮದು. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಿ ಎಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಬಡ್ಡಿ ಒಲ್ಲದವರು ಮಾತ್ರ ಇದ್ದೇ ಇದ್ದಾರೆ. ಅವರಿಗೆ ನೆಟ್ಟಗಿನ ಬಾಗಿಲು ತೆರೆಯದಿದ್ದರೆ ಹಿತ್ತಿಲ ಬಾಗಿಲಿನವರು ಕರೆಯುತ್ತಾರೆ.

ಈ ಕಾಯಿಲೆಯ ಲಕ್ಷಣಗಳು ಚಿಕ್ಕವು. ಲೆಕ್ಕಪರಿಶೋಧಕ ಏಕಾಏಕಿ ಬದಲಾಗುವುದು. ಹಣ ವಾಪಸ್ ಕೇಳಿದವನಿಗೆ ಹಬ್ಬ ಮುಗಿಯಲಿ ಎನ್ನುವುದು. ಪ್ರಶ್ನೆ ಕೇಳಿದವನ ನಂಬಿಕೆಯನ್ನೇ ಪ್ರಶ್ನಿಸುವುದು.

ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಅಧ್ಯಾದೇಶ 2019ರ ಫೆಬ್ರುವರಿಯಲ್ಲೇ ಬಂದಿತ್ತು. ಐಎಂಎ ಕುಸಿದದ್ದು ಅದಾದ ನಾಲ್ಕು ತಿಂಗಳಿಗೆ. ಅಧ್ಯಾದೇಶ ಈಗ ಕಾಯ್ದೆಯಾಗಿದೆ. ಇಂಥ ಕಡೆ ಹೂಡಿಕೆ ಮಾಡಿದ್ದೀರಾದರೆ ಸಂಸ್ಥೆಯ ನೋಂದಣಿ ಪತ್ರವನ್ನೂ ಪರಿಶೋಧಿತ ಲೆಕ್ಕವನ್ನೂ ಈ ತಿಂಗಳೇ ಕೇಳಿ. ಕೊಡಲು ತಡಮಾಡಿದರೆ ಹಣ ವಾಪಸ್ ಕೇಳಿ, ಲಿಖಿತವಾಗಿ.