ಅಲಿ ರಿಂಗ್‌ಗೆ ಇಳಿಯದ ಮೂರೂವರೆ ವರ್ಷ

ಒಂದು ಬಾಕ್ಸಿಂಗ್ ಪಂದ್ಯವನ್ನೂ ಪೂರ್ತಿ ನೋಡದವರಿಗೂ ಮುಹಮ್ಮದ್ ಅಲಿ ಗೊತ್ತು. ನೆಲಕ್ಕೆ ಬಿದ್ದಿರುವ ಸನ್ನಿ ಲಿಸ್ಟನ್, ಅವರ ಮೇಲೆ ನಿಂತು ಕೈ ಮಡಚಿ ಗದರುತ್ತಿರುವ ಅಲಿ. 1965ರಲ್ಲಿ ನೀಲ್ ಲೈಫರ್ ತೆಗೆದ ಈ ಫೋಟೊ ಜಿಮ್ ಗೋಡೆ ಮೇಲಿದೆ, ಟೀ ಶರ್ಟ್ ಮೇಲಿದೆ, ಎಷ್ಟೋ ಜನರ ಡಿಪಿಯಲ್ಲೂ ಇದೆ. ಗೆಲುವು ಅಂದ್ರೆ ಹಿಂಗಿರಬೇಕು ಅನ್ನೋ ಹಾಗಿದೆ.

ಆದರೆ ಅಲಿಯನ್ನು ನಿಜಕ್ಕೂ ಹಚ್ಚಿಕೊಂಡವರು ಗೆಲುವಿನ ಲೆಕ್ಕ ಹೇಳೋದು ಕಡಿಮೆ. ಲೆಕ್ಕ ಬೇಕೆಂದರೆ ಇದೆ: 61 ಪಂದ್ಯ, 56 ಗೆಲುವು, 5 ಸೋಲು. ರಾಕಿ ಮಾರ್ಸಿಯಾನೊ ಆಡಿದ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತರಾದ ಹೆವಿವೇಟ್ ಚಾಂಪಿಯನ್. ಅಂಕಿ ನೋಡಿ ಅಭಿಮಾನ ಹುಟ್ಟೋದಾದ್ರೆ ಗೋಡೆ ಮೇಲೆ ಅವರ ಫೋಟೊ ಇರಬೇಕಿತ್ತು. ಅಲಿಯದ್ದು ಯಾಕಿದೆ ಅಂತ ಕೇಳಿದರೆ, ನನಗೆ ನೆನಪಾಗುವುದು ಅವರು ಒಂದೂ ಪಂದ್ಯ ಆಡದೆ ಕಳೆದ ಮೂರೂವರೆ ವರ್ಷ.

1967ರ ಏಪ್ರಿಲ್ 28. ಅಮೆರಿಕ ವಿಯೆಟ್ನಾಂ ಯುದ್ಧದಲ್ಲಿ ಮುಳುಗಿತ್ತು. ಹ್ಯೂಸ್ಟನ್‌ನ ಸೇನಾ ಭರ್ತಿ ಕೇಂದ್ರದಲ್ಲಿ ಹೆಸರು ಕರೆದಾಗ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಸೈನ್ಯಕ್ಕೆ ಸೇರಿದ ಹಾಗೆ. ಅಲಿ ಕದಲಲಿಲ್ಲ. ತನ್ನ ಧರ್ಮ ಒಪ್ಪುವುದಿಲ್ಲ, ಅಲ್ಲಿನವರ ಮೇಲೆ ತನಗೆ ಜಗಳವೂ ಇಲ್ಲ ಅನ್ನುವುದು ಅವರ ನಿಲುವು. ಆಗ ಅವರಿಗೆ 25 ವರ್ಷ. 29 ಪಂದ್ಯ ಆಡಿ 29ನ್ನೂ ಗೆದ್ದಿದ್ದ ವಿಶ್ವ ಚಾಂಪಿಯನ್.

ಲೈಸೆನ್ಸ್ ಹೋಯಿತು, ಪಟ್ಟ ಹೋಯಿತು, ಪಾಸ್‌ಪೋರ್ಟ್ ಹೋಯಿತು. ಜೂನ್‌ನಲ್ಲಿ ಕೋರ್ಟು 5 ವರ್ಷ ಜೈಲು, 10,000 ಡಾಲರ್ ದಂಡ ಅಂದಿತು. ಮೇಲ್ಮನವಿ ಹಾಕಿದ್ದರಿಂದ ಜೈಲಿಗೇನೋ ಹೋಗಲಿಲ್ಲ, ಆದರೆ ರಿಂಗ್‌ಗೂ ಹೋಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಕಾಲೇಜುಗಳಲ್ಲಿ ಭಾಷಣ ಮಾಡುತ್ತಾ ತಿರುಗಿದರು. ಮತ್ತೆ ಗ್ಲೌಸ್ ಹಾಕಿದ್ದು 1970ರ ಅಕ್ಟೋಬರ್‌ನಲ್ಲಿ, ಅಟ್ಲಾಂಟಾದಲ್ಲಿ.

ಆ ವಯಸ್ಸನ್ನು ಸ್ವಲ್ಪ ಗಮನಿಸಿ. 25ರಿಂದ 28. ನಾವು ಆ ವಯಸ್ಸಲ್ಲಿ ಏನ್ ಮಾಡ್ತಿರ್ತೀವಿ? ಎರಡನೇ ಕಂಪನಿಗೆ ಜಂಪ್, ಹೈಕ್ ಎಷ್ಟು ಸಿಕ್ಕಿತು ಅನ್ನೋ ಲೆಕ್ಕ, ರೆಸ್ಯೂಮೆಯಲ್ಲಿ ಆರು ತಿಂಗಳು ಗ್ಯಾಪ್ ಬಂದರೆ ಏನಪ್ಪಾ ಗತಿ ಅನ್ನೋ ಭಯ. ಬಾಕ್ಸರ್‌ಗಂತೂ ಮೈ ಹೇಳಿದ ಮಾತು ಕೇಳುವ ಕಾಲವೇ ಅದು. ಅಲಿ ಅದನ್ನು ಕೊಟ್ಟುಬಿಟ್ಟರು. ವಾಪಸ್ ಸಿಗುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಟ್ಟಿರಲಿಲ್ಲ.

ಇವತ್ತು ಕೇಳೋಕೆ ಚೆನ್ನಾಗಿದೆ. ಆವತ್ತು ಅವರನ್ನು ದೇಶದ್ರೋಹಿ ಅಂದವರಿಗೆ ಲೆಕ್ಕವಿಲ್ಲ. ಕ್ಯಾಸಿಯಸ್ ಕ್ಲೇ ಅನ್ನುವ ಹಳೆ ಹೆಸರು ಬಿಟ್ಟು ವರ್ಷಗಳಾಗಿದ್ದರೂ ದೊಡ್ಡ ಪತ್ರಿಕೆಗಳೇ ಅದನ್ನು ಬರೆಯುತ್ತಿದ್ದವು. ಹಿಂದಿನ ಚಾಂಪಿಯನ್ ಜೋ ಲೂಯಿಸ್ ಕೂಡ ಟೀಕಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರಂಥವರು ಬಹಿರಂಗವಾಗಿ ಬೆಂಬಲಿಸಿದರು, ನಿಜ. ಆದರೆ ಆ ಹೊತ್ತಿನಲ್ಲಿ ಅಲಿ ಅಭಿಮಾನಿ ಅಂತ ಹೇಳಿಕೊಳ್ಳೋಕೂ ಧೈರ್ಯ ಬೇಕಿತ್ತು.

1971ರ ಜೂನ್ 28ರಂದು ಸುಪ್ರೀಂ ಕೋರ್ಟ್ 8-0 ತೀರ್ಪಿನಲ್ಲಿ ಶಿಕ್ಷೆ ರದ್ದು ಮಾಡಿತು. ಕಳೆದ ವರ್ಷಗಳನ್ನು ಯಾವ ಕೋರ್ಟೂ ವಾಪಸ್ ಕೊಡಲಿಲ್ಲ. ಅದಕ್ಕೆ ಮೂರು ತಿಂಗಳು ಮುಂಚೆ ಜೋ ಫ್ರೇಜಿಯರ್ ಎದುರು ಅಲಿ ಮೊದಲ ಬಾರಿಗೆ ಸೋತಿದ್ದರು. ಕಾಲಲ್ಲಿ ಹಳೆಯ ಚುರುಕು ಇರಲಿಲ್ಲ. ತಪ್ಪಿಸಿಕೊಳ್ಳೋಕೆ ಆಗದ ಏಟನ್ನು ತಡೆದುಕೊಳ್ಳೋದು ಕಲಿಯಬೇಕಾಯಿತು.

1974ರ ಅಕ್ಟೋಬರ್ 30ರ ಕಿನ್ಶಾಸಾ ಪಂದ್ಯವನ್ನು ಇದನ್ನು ನೆನಪಿಟ್ಟುಕೊಂಡೇ ನೋಡಬೇಕು. ಅಲಿಗೆ 32, ಜಾರ್ಜ್ ಫೋರ್‌ಮನ್‌ಗೆ 25. ಫ್ರೇಜಿಯರ್‌ನ ಎರಡೇ ರೌಂಡ್‌ನಲ್ಲಿ ಆರು ಸಲ ಕೆಡವಿದ್ದ ಮನುಷ್ಯ ಈ ಫೋರ್‌ಮನ್. ಅಲಿ ಹಗ್ಗಕ್ಕೆ ಒರಗಿ ನಿಂತು ಹೊಡೆಸಿಕೊಂಡರು. ಫೋರ್‌ಮನ್ ಹೊಡೆದು ಹೊಡೆದು ಸುಸ್ತಾದ ಮೇಲೆ, ಎಂಟನೇ ರೌಂಡ್‌ನಲ್ಲಿ ಕೆಡವಿದರು. ಸ್ಟೇಡಿಯಂ ಪೂರ್ತಿ ‘ಅಲಿ, ಬೊಮಾಯೆ’ ಅಂತ ಕೂಗುತ್ತಿತ್ತು. ಆ ವಿಡಿಯೊ ಈಗಲೂ ಮೈ ಜುಮ್ಮೆನಿಸುತ್ತೆ. ಆದರೆ ತಿಂದ ಒಂದೊಂದು ಪಂಚ್‌ನ ಬಿಲ್ಲೂ ಮುಂದೆ ಬರೋದಿತ್ತು ಅಂತ ಗೊತ್ತಿದ್ದು ನೋಡುವಾಗ ಸಂಕಟವೂ ಆಗುತ್ತೆ. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಇರುವುದು ಗೊತ್ತಾಯಿತು.

ಅಭಿಮಾನ ಅಂದ್ರೆ ಕಣ್ಣು ಮುಚ್ಚಿಕೊಳ್ಳೋದಲ್ಲ, ಅದನ್ನೂ ಹೇಳಬೇಕು. ನಿಷೇಧದ ದಿನಗಳಲ್ಲಿ ಅಲಿಗೆ ಲೈಸೆನ್ಸ್ ಕೊಡಿ ಅಂತ ಪರವಾಗಿ ಮಾತಾಡಿದ್ದು, ಹಣ ಕೊಟ್ಟು ನೆರವಾಗಿದ್ದು ಇದೇ ಫ್ರೇಜಿಯರ್. ಅದೇ ಫ್ರೇಜಿಯರ್‌ರನ್ನು ಅಲಿ ಕ್ಯಾಮೆರಾ ಮುಂದೆ ಗೊರಿಲ್ಲಾ ಅಂದರು. 2001ರಲ್ಲಿ ಕ್ಷಮೆ ಕೇಳಿದರು. ಫ್ರೇಜಿಯರ್‌ಗೆ ಆ ಗಾಯ ಮಾಯಲು ಬಹಳ ವರ್ಷ ಹಿಡಿಯಿತು. ಅಧಿಕಾರದ ಎದುರು ನಿಂತವರು ಜೊತೆಯವರ ಮೇಲೆ ಕ್ರೂರವಾಗೋದೂ ಉಂಟು. ಅಲಿಯನ್ನು ಇಷ್ಟಪಡುವವರು ಇದನ್ನೂ ಜೊತೆಗಿಟ್ಟುಕೊಳ್ಳಬೇಕು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹಚ್ಚಲು ಬಂದ ಅಲಿಯ ಕೈ ನಡುಗುತ್ತಿತ್ತು. ಬಾಯಿಮಾತಿನಿಂದಲೇ ಎದುರಾಳಿಯನ್ನು ಅರ್ಧ ಸೋಲಿಸುತ್ತಿದ್ದ ಮನುಷ್ಯ ಸುಮ್ಮನೆ ನಿಂತಿದ್ದರು. ಬಹಳಷ್ಟು ಅಭಿಮಾನಿಗಳಿಗೆ ಲಿಸ್ಟನ್ ಫೋಟೊಗಿಂತ ಈ ದೃಶ್ಯ ಹತ್ತಿರ. 2016ರ ಜೂನ್ 10ರಂದು ಹುಟ್ಟೂರು ಲೂಯಿವಿಲ್‌ನಲ್ಲಿ ಅಂತಿಮಯಾತ್ರೆ ಹೊರಟಾಗ ಜನ ರಸ್ತೆಯುದ್ದಕ್ಕೂ ನಿಂತು ಅಲಿ, ಅಲಿ ಅಂತ ಕೂಗಿದರು, ವಾಹನದ ಮೇಲೆ ಹೂವು ಎಸೆದರು. ಆ ಹೆಜ್ಜೆ ಮುಂದಿಡದೆ ನಿಂತು ಆಗಲೇ 49 ವರ್ಷವಾಗಿತ್ತು.

ಗೆದ್ದು ಮುಗಿದ ಮೇಲೆ, ಸರಿ ಅಂತ ಎಲ್ಲರೂ ಒಪ್ಪಿದ ಮೇಲೆ ಹೂವು ಎಸೆಯೋದು ಕಷ್ಟ ಅಲ್ಲ. ಡಿಪಿ ಬದಲಾಯಿಸೋದು ಅದಕ್ಕಿಂತ ಸುಲಭ. ಆ ಫೋಟೊ ಮುಂದಿನ ಸಲ ಕಣ್ಣಿಗೆ ಬಿದ್ದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ, ನಾನೂ ಕೇಳಿಕೊಳ್ತೀನಿ: 1967ರಲ್ಲಿ, ಇಡೀ ಊರು ಬೈಯುತ್ತಿದ್ದಾಗ, ನಾನು ಇವರ ಅಭಿಮಾನಿ ಆಗಿರ್ತಿದ್ದೆನಾ?